ಬಾಲ್ ಜಾಯಿಂಟೆಂಬ ದವಡೆಹಲ್ಲು

ನಾನು ಯಾವ ಗುರುವಿನ ಮುಂದೆಯೂ ಕೂತು ವಿದ್ಯೆ ಕಲಿತವನಲ್ಲ. ನೋಡಿ ಕಲಿತೆ, ಕೆಡಿಸಿ ಕಲಿತೆ. (ಕೆಡಿಸಿದ್ದು ನಿಜ, ಕಲಿತದ್ದು ಅನುಮಾನ ಅನ್ನುತ್ತಾಳೆ ಹೆಂಡತಿ.) ಮಿಕ್ಸಿ, ಫ್ಯಾನು, ಹೊಲಿಗೆ ಯಂತ್ರ, ಪಕ್ಕದ ಮನೆಯ ಗೇಟು, ಎಲ್ಲದರ ಮೇಲೂ ಈ ಕೈ ಆಡಿದೆ. ಅಂಥ ಕೈಯ ಮಾನವನ್ನು ಗೇಣುದ್ದದ ಕಬ್ಬಿಣವೊಂದು ಹರಾಜಿಗಿಟ್ಟಿತು.

ಇಪ್ಪತ್ತೆರಡು ವರ್ಷದಿಂದ ಸಾಕಿದ ಕಾರು. ತಿರುವಿನಲ್ಲಿ ಮುಂದಿನ ಚಕ್ರದಿಂದ ಮುದುಕನ ಮೊಣಕಾಲಿನಂತೆ ಕಟಕಟ ಸದ್ದು. ಬಾಲ್ ಜಾಯಿಂಟ್ ಸವೆದಿತ್ತು. ಸೊಂಟದ ಗುಳಿಯಲ್ಲಿ ಮೂಳೆಯ ಗುಂಡು ಕೂತಂತೆ ಚಕ್ರವನ್ನು ಆಡಿಸುವ ಕೀಲದು. ಅದರ ದಂಟು ಒಂದು ತೂತಿನಲ್ಲಿ ಬಿಗಿಯಾಗಿ ನಾಟಿರುತ್ತದೆ. ಹೊಸದನ್ನು ತಂದಿಟ್ಟಿದ್ದೆ, ಹಳೆಯದು ಜಾಗ ಬಿಡಬೇಕಲ್ಲ!

"ಭಾನುವಾರ ಸಂಜೆ ಐದಕ್ಕೆ ಗುಜರಿಯವರು ಬರ್ತಾರೆ" ಎಂದಳು ಹೆಂಡತಿ. "ಅಷ್ಟರೊಳಗೆ ಆ ಕೀಲನ್ನ ನಿಮ್ಮ ಕೈಯಾರೆ ಬಿಚ್ಚಿದ್ರೆ ಕಾರು ಉಳೀತು. ಇಲ್ಲಾಂದ್ರೆ ಹೋಯ್ತು. ಅವರಿಗೂ ಹೀಗೇ ಹೇಳಿದ್ದೀನಿ."

"ಐದು ಗಂಟೆ ಯಾಕೆ? ಐದು ನಿಮಿಷ ಸಾಕು ಕಣೇ!"

ಭಾನುವಾರ ಬೆಳಗ್ಗೆ ಜಾಕ್ ಏರಿಸಿ, ಕೆಳಗೆ ಭದ್ರವಾಗಿ ಆಸರೆ ಕೊಟ್ಟು, ಚಕ್ರ ಬಿಚ್ಚಿದೆ. ನಟ್ಟನ್ನು ದಂಟಿನ ತುದಿಗೆ ತಂದು ಅದರ ನೆತ್ತಿಗೇ ಸುತ್ತಿಗೆ ಬಾರಿಸಿದೆ. ಉಡ ಹಿಡಿದಂತೆ ಹಿಡಿದಿತ್ತು. ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಎಣ್ಣೆ ಕುಡಿಸಿದೆ, ಬೈದೆ, ಬೇಡಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಸುತ್ತಿಗೆಯ ಹಿಡಿಯೇ ಸರಿಯಿಲ್ಲ ಅನ್ನಿಸತೊಡಗಿತು. (ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೂ ಗೊತ್ತು ಆ ಗಾದೆ.)

ನಾಲ್ಕೂಮುಕ್ಕಾಲಿಗೆ ಊದಿದ ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡು ಕಾರಿಗೆ ಒರಗಿ ಕೂತಿದ್ದೆ. ಹೆಂಡತಿ ಬಂದು ನನ್ನ ಮುಖ ನೋಡಿದಳು, ನಿಟ್ಟುಸಿರುಬಿಟ್ಟಳು, ಕನ್ನಡಕ ಏರಿಸಿ ಕಾರಿನ ಪಕ್ಕ ಬಗ್ಗಿದಳು. ಮೂವತ್ತು ವರ್ಷ ಹಲ್ಲಿನ ಡಾಕ್ಟರ ಕೈಗೆ ಇಕ್ಕಳ ಕೊಟ್ಟವಳು ಅವಳು.

"ರೀ, ನೀವು ಹಲ್ಲಿಗೆ ಬಡೀತಿದ್ದೀರಿ. ಸಡಿಲ ಆಗಬೇಕಾದ್ದು ದವಡೆ."

"ಇದು ಕಾರು ಕಣೇ, ಬಾಯಲ್ಲ!"

"ನಿಮ್ಮ ಬಾಯಿ ಸ್ವಲ್ಪ ಮುಚ್ಚಿ, ಹಾರೆ ಹಾಕಿ ಆ ಕೆಳಗಿನ ಕಬ್ಬಿಣದ ತೋಳನ್ನ ಅದುಮಿ ಹಿಡೀರಿ. ನಟ್ಟು ಪೂರ್ತಿ ತೆಗೀಬೇಡಿ. ಹಲ್ಲು ಹಾರಿ ಗಂಟಲಿಗೆ ಬೀಳಬಾರದು."

ದಂಟಿನ ತಂಟೆಗೇ ಹೋಗದೆ, ಅದು ಕೂತ ತೂತಿನ ಪಕ್ಕೆಗೆ ಬೆರಳಾಡಿಸಿ ಜಾಗ ಗುರುತಿಸಿ ಸುತ್ತಿಗೆ ಎತ್ತಿದಳು. ಒಂದು. ಎರಡು. ಮೂರನೆಯ ಪೆಟ್ಟಿಗೆ ಟಪ್! ಇಡೀ ದಿನ ನನ್ನನ್ನು ಅಳಿಸಿದ ಕೀಲು ಕಳಚಿಕೊಂಡಿತು. ಎಂಥ ಅಳತೆಯ ಪೆಟ್ಟು, ಎಂಥ ನಿಧಾನ! ನಾಲ್ಕು ದಶಕ ಜೊತೆಗಿದ್ದೂ ಆ ಕೈಯನ್ನು ನಾನು ಸರಿಯಾಗಿ ನೋಡಿರಲಿಲ್ಲ. ಕಾಲಿಗೆ ಬೀಳೋಣ ಅನ್ನುವಷ್ಟರಲ್ಲಿ ಬಾಗಿಲಲ್ಲಿ ಸ್ಕೂಟರು ನಿಂತಿತು.

"ಏನು ಯಜಮಾನ್ರೇ, ಬಿಚ್ಚಿದ್ರಾ?" ಎಂದ ಗುಜರಿಯವನು.

ಕಾರಿನ ಪ್ರಾಣ ನನ್ನ ನಾಲಗೆಯ ಮೇಲಿತ್ತು. ಹೆಂಡತಿಯ ಕಡೆ ನೋಡದೆ, "ಓಹೋ, ನಾನೇ!" ಎಂದೆ. ಅವಳು ಸುತ್ತಿಗೆ ಒರೆಸಿದಳು.

ಆತ ನನ್ನ ಎರಡೂ ಕೈ ಹಿಡಿದುಕೊಂಡ. "ಕಾರು ಇಟ್ಕೊಳ್ಳಿ ಯಜಮಾನ್ರೇ! ನನ್ನ ವ್ಯಾನಿಂದೂ ಇದೇ ಗೋಳು. ಇಬ್ಬರು ಮೆಕ್ಯಾನಿಕ್‌ಗಳು ಕೈಚೆಲ್ಲಿ ಹೋದ್ರು. ಹತ್ತಿ ಸ್ಕೂಟರ್!"

ಅವನ ಅಂಗಡಿಯಲ್ಲಿ ಆರು ಜನ ಸುತ್ತ ನಿಂತರು. ನಾನೂ ಪಕ್ಕೆಗೇ ಹೊಡೆದೆ. ಎಲ್ಲಿ ಅಂತ ಕೇಳಬೇಡಿ. ಅವಳು ಹೊಡೆಯುವಾಗ ನನ್ನ ಬೆರಳಿನ ಭಯಕ್ಕೆ ಮೂರು ಸಲವೂ ಕಣ್ಣು ಮುಚ್ಚಿದ್ದೆ. ಇಪ್ಪತ್ತು ಪೆಟ್ಟಾದ ಮೇಲೆ, ನೀರು ಕುಡಿಯುವ ನೆಪದಲ್ಲಿ ಮೂಲೆಗೆ ಹೋಗಿ ಫೋನು ಮಾಡಿದೆ.

"ಸ್ವಲ್ಪ ಬರ್ತೀಯಾ?"

"ಬಿಚ್ಚಿದವರು ನೀವಲ್ವಾ?"

"ತಪ್ಪಾಯ್ತು ಮಾರಾಯ್ತಿ."

ಆಟೋದಲ್ಲಿ ಬಂದಳು. ಯಾರೋ ಕುರ್ಚಿ ಹಾಕಿದರು, ಯಾರೋ ಚಹಾ ತಂದರು. ಚಹಾ ಮುಗಿಸಿ, ಬಗ್ಗಿ, ಬೆರಳಾಡಿಸಿ, ನನ್ನ ಕೈಗೆ ಹಾರೆ ಕೊಟ್ಟು ಎರಡೇ ಪೆಟ್ಟು. ಟಪ್! ಆರೂ ಜನ ಚಪ್ಪಾಳೆ ತಟ್ಟಿದರು. ಹೆಮ್ಮೆ ತಡೆಯಲಾರದೆ ನಾನೂ ಹಾರೆ ಬಿಟ್ಟು ತಟ್ಟಿದೆ.

ಗುಜರಿಯವನು ಮಾತ್ರ ನನ್ನನ್ನೇ ದಿಟ್ಟಿಸಿದ. "ಅಂದ್ರೆ ಆ ಕಾರಿನದೂ ಬಿಚ್ಚಿದ್ದು ಅಮ್ಮನೇ! ಮಾತಿನ ಪ್ರಕಾರ ಕಾರು ನನಗೆ ಬರಬೇಕಲ್ಲ?"

ಹೆಂಡತಿ ಕೈ ಒರೆಸಿಕೊಳ್ಳುತ್ತಾ ನನ್ನತ್ತ ತಿರುಗಿ, ಆ ದಿನ ಮೊದಲ ಸಲ ನಕ್ಕಳು.

"ಕಾರು ಕೊಡಲ್ಲಪ್ಪ. ಇವರು ಕೆಲಸಕ್ಕೆ ಹೊಸಬರು. ಕೈ ಪಳಗೋಕೆ ಒಂದು ಕಾರಾದ್ರೂ ಬೇಕಲ್ಲ."