ಬರಬೇಡಿ ಎಂಬುದಕ್ಕೆ ಆದರದ ಸ್ವಾಗತ

ಬಂಗಾಳ ಕೊಲ್ಲಿಯಲ್ಲಿ ಎದ್ದ ಚಂಡಮಾರುತಕ್ಕೆ ವಿಜಯಪುರದಲ್ಲಿ ಕೂತು ಕೈ ಮುಗಿದವನು ಯಾರಾದರೂ ಇದ್ದರೆ ಅವನು ಸಂಗನಬಸವ ಒಬ್ಬನೇ. ವಿಮಾ ಕಚೇರಿಯ ಗುಮಾಸ್ತ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ಮರ್ಯಾದಸ್ಥ. ಅವನಿಗೂ ಸಮುದ್ರಕ್ಕೂ ಎಲ್ಲಿಯ ಸಂಬಂಧ ಅನ್ನುತ್ತೀರಾ? ಸಂಬಂಧ ಇದ್ದದ್ದು ಒಂದು ಇಳಕಲ್ ಸೀರೆಯ ಮೂಲಕ.

ಅವನ ಹೆಂಡತಿ ವಿದ್ಯಾವತಿ ಬಬಲೇಶ್ವರದ ಒಂದು ಖಾಸಗಿ ಶಾಲೆಯ ಮುಖ್ಯೋಪಾಧ್ಯಾಯಿನಿ. ಶಾಲೆಯ ವಾರ್ಷಿಕೋತ್ಸವಕ್ಕೆ, ಅಂದರೆ ಈ ಕಡೆಯವರೆಲ್ಲ ಕರೆಯುವ ಗ್ಯಾದರಿಂಗಿಗೆ, ಶಿಕ್ಷಕಿಯರು ಸೇರಿ ಕನ್ಯಾ ನೋಡುವ ಶಾಸ್ತ್ರದ ನಗೆನಾಟಕವೊಂದನ್ನು ಕಟ್ಟಿದ್ದರು. ವರ, ವರನ ಅಪ್ಪ, ಸೋದರಮಾವ, ಎಲ್ಲ ಪಾತ್ರಗಳನ್ನೂ ತಾವೇ ಜಗಳವಾಡಿ ಹಂಚಿಕೊಂಡರು (ಮೀಸೆ ಹಚ್ಚಿಕೊಂಡು ದರ್ಪ ಮಾಡುವ ಆಸೆ ಯಾರಿಗಿಲ್ಲ?). ತಲೆ ತಗ್ಗಿಸಿ ಕೂಡುವ ಕನ್ಯಾ ಆಗಲು ಮಾತ್ರ ಒಬ್ಬರೂ ಒಪ್ಪಲಿಲ್ಲ.

"ನೀವ ಆಗ್ರಿ," ಎಂದಳು ವಿದ್ಯಾವತಿ ಗಂಡನಿಗೆ. "ಮೀಸಿ ಅಂತೂ ನಿಮಗ ಮೊದಲಿಂದ ಸರಿಯಾಗಿ ಬಂದಿಲ್ಲ."

ಪಾತ್ರವೂ ಅದರ ಇಳಕಲ್ ಸೀರೆಯೂ ಅವನ ಪಾಲಿಗೆ ಬಂದವು. ಅಂದಿನಿಂದ ಅವನಿಗೆ ಒಂದೇ ಚಿಂತೆ: ಈ ಸುದ್ದಿ ಕಚೇರಿಗೆ ಮುಟ್ಟಿದರೆ ನಿವೃತ್ತಿಯಾಗುವವರೆಗೂ ತನ್ನ ಕುರ್ಚಿಗೆ ಕುಂಕುಮ ಹಚ್ಚಿ ನಗುತ್ತಾರೆ. ದಿನವೂ ಊಟ ಅರ್ಧಕ್ಕೇ ಬಿಟ್ಟು ಏಳತೊಡಗಿದ.

ಅಂಥ ಹೊತ್ತಿಗೆ, ಗ್ಯಾದರಿಂಗಿನ ಹಿಂದಿನ ಸಂಜೆ, ಜೋರು ಮಳೆಯ ಎಚ್ಚರಿಕೆ ಬಂತು. ಪೆಂಡಾಲು ಹಾರೀತು, ಹಳ್ಳ ತುಂಬಿದರೆ ಮಕ್ಕಳು ಸಿಕ್ಕಿಬಿದ್ದಾರು, ನಾಳೆ ಬೇಡವೇ ಬೇಡ ಎಂದು ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷ ಸಿದ್ದರಾಯರು ಫೋನು ಮಾಡಿದರು. ವಿದ್ಯಾವತಿ ಪೆಂಡಾಲಿನವನಿಗೂ ಅಡುಗೆಯವನಿಗೂ ಫೋನು ಹಚ್ಚುತ್ತ, ಗಂಡನ ಕಡೆ ತಿರುಗಿದಳು.

"ಪಾಲಕರ ಗ್ರೂಪಿಗೆ ಒಂದ ಸಾಲು ಹಾಕ್ರಿ. ನಾಳೆ ಗ್ಯಾದರಿಂಗ್ ಇಲ್ಲ, ಮಕ್ಕಳನ್ನ ಕಳಸಬ್ಯಾಡ್ರಿ. ಅಷ್ಟ ಸಾಕು."

"ನೀ ಚಿಂತಿ ಬಿಡು, ನಾ ನೋಡ್ಕೋತೇನಿ!" ಎಂದ ಸಂಗನಬಸವ. ಮದುವೆಯಾದಾಗಿನಿಂದ ಹೆಂಡತಿಯ ಯಾವ ಕೆಲಸಕ್ಕೂ ಅವನು ಇಷ್ಟು ಹುರುಪಿನಿಂದ ಎದ್ದಿರಲಿಲ್ಲ.

ಆದರೆ ಒಂದೇ ಸಾಲೇ? ಛೇ! ಕರೆಯುವಾಗ ಸ್ವಾಮಿಗಳ ದಿವ್ಯ ಸಾನ್ನಿಧ್ಯ, ಘನ ಅಧ್ಯಕ್ಷತೆ, ಉದ್ಘಾಟಕರು, ಜ್ಯೋತಿ ಬೆಳಗಿಸುವವರು ಎಂದು ಅರ್ಧ ತಾಲೂಕಿನ ಹೆಸರು ಹಾಕಿ, ಬೇಡ ಅನ್ನುವಾಗ ಯಾರ ಹೆಸರನ್ನೂ ಎತ್ತದಿದ್ದರೆ ಅವರಿಗೆ ಏನನ್ನಿಸೀತು? ಆಮಂತ್ರಣದಲ್ಲಿ ಹೆಸರು ಬಿಟ್ಟರೆಂದು ಮಾತು ಬಿಟ್ಟವರು ಈ ಸೀಮೆಯಲ್ಲಿ ಕಡಿಮೆಯೇ? ಸಿದ್ದರಾಯರನ್ನೇ ಕೇಳಿದ.

"ಖರೇ ಮಾತ ನೋಡ್ರಿ," ಎಂದರು ಅವರು. "ಎಲ್ಲಾರ ಹೆಸರೂ ಬರ್ಲಿ. ನಂದು ಸ್ವಲ್ಪ ದಪ್ಪಗ ಇರ್ಲಿ."

ಸಂಗನಬಸವ ಮೊಬೈಲಿನಲ್ಲಿ ಹಳೆಯ ಆಮಂತ್ರಣವನ್ನೇ ತೆರೆದ. ಚೆಂಡುಹೂವಿನ ಅಂಚು ಚೆನ್ನಾಗಿತ್ತು, ಇರಲಿ. ಗಣ್ಯರ ಫೋಟೋ ತೆಗೆದರೆ ಅವಮಾನ, ಅವೂ ಇರಲಿ. 'ಸರ್ವರಿಗೂ ಆದರದ ಸ್ವಾಗತ' ಎಂಬುದನ್ನು ಅಳಿಸಲು ಬೆರಳು ಎತ್ತಿದವನು ಹಿಂದೆಗೆದ. ಪಾಲಕರಿಗೆ ಸ್ವಾಗತವಿಲ್ಲ ಅನ್ನುವುದುಂಟೇ? ಕೊನೆಗೆ ಎಲ್ಲಕ್ಕಿಂತ ಕೆಳಗೆ, ಅಂಚಿನ ಹೂವಿನ ಸಂದಿಯಲ್ಲಿ ಉಳಿದಿದ್ದ ಜಾಗದಲ್ಲಿ, ಇರುವೆಯಷ್ಟು ಅಕ್ಷರಗಳಲ್ಲಿ ಬರೆದ: 'ಪ್ರತಿಕೂಲ ಹವಾಮಾನದ ನಿಮಿತ್ತ ಮೇಲ್ಕಾಣಿಸಿದ ಸಮಾರಂಭವನ್ನು ರದ್ದುಪಡಿಸಲಾಗಿದೆಯೆಂದು ತಿಳಿಸಲು ವಿಷಾದಿಸುತ್ತೇವೆ.' ಕಳಿಸಿದ್ದೇ ತಡ, ಕೈ ಮುಗಿಯುವ ಚಿತ್ರಗಳು ಸಾಲುಸಾಲಾಗಿ ಬಂದವು.

"ನೋಡಿಲ್ಲಿ, ಎಲ್ಲಾರೂ ಒಪ್ಪ್ಯಾರ!" ಎಂದು ಹೆಂಡತಿಗೆ ದೂರದಿಂದಲೇ ಮೊಬೈಲು ತೋರಿಸಿ, ಎಷ್ಟೋ ದಿನಗಳ ನಂತರ ಹೊಟ್ಟೆ ತುಂಬ ಉಂಡು ಮಲಗಿದ.

ಬೆಳಿಗ್ಗೆ ಧೋ ಎಂದು ಮಳೆ. ಸಂಗನಬಸವ ಬಿಸಿ ಮಿರ್ಚಿಭಜಿಯನ್ನು ಬಾಯಿಗೆ ಒಯ್ಯುತ್ತಿದ್ದಾಗ ಸಿದ್ದರಾಯರ ಫೋನು.

"ಮೇಡಮ್ಮಾರ ಎಲ್ಲಿ ಅದಾರ್ರಿ? ಇಲ್ಲಿ ಸಾಲಿ ತುಂಬ ಮಂದಿ ಆಗೈತಿ. ಮದುವಿಗೆ ಬಂದಂಗ ಬರಾಕತ್ತಾರ!"

ಗಂಡ ಹೆಂಡತಿ ಕಾರು ಹತ್ತಿ ಬಬಲೇಶ್ವರದ ದಾರಿ ಹಿಡಿದರು. ವಿದ್ಯಾವತಿ ಆಗ ಮೊದಲ ಸಲ ಆ ಪ್ರಕಟಣೆಯನ್ನು ಪೂರ್ತಿ ನೋಡಿದಳು.

"ಏನ್ರಿ ಇದು? ಬರಬ್ಯಾಡ್ರಿ ಅಂತ ಬರದೀರೋ, ಎರಡನೇ ಸಲ ಕರದೀರೋ?"

"ಕೆಳಗ ಬರದೇನಲ್ಲ! ದೊಡ್ಡದ ಮಾಡಿ ನೋಡು."

"ಊರ ಮಂದಿ ಕೈಯಾಗ ಭೂತಗನ್ನಡಿ ಹಿಡಕೊಂಡ ಕುಂತಾರೇನು? ಒಂದ ಸಾಲು ಹಾಕ್ರಿ ಅಂದಿದ್ದೆ, ಒಂದ ಸಾಲು!"

ಅವನು ಬಾಯಿ ತೆರೆಯುವಷ್ಟರಲ್ಲಿ ಅವನ ಹುಟ್ಟೂರು ಟಿಕೋಟಾದಿಂದ, ತಾಯಿಯ ಪಕ್ಕದ ಮನೆಯ ಸಕ್ರವ್ವ ಫೋನು ಮಾಡಿದಳು. ಅವನ ತಾಯಿ ಲಕ್ಕವ್ವ, ಆ ಶಾಲೆಗೆ ಹೋಗುವ ಓಣಿಯ ಮಕ್ಕಳನ್ನೆಲ್ಲ ಕೂಡಿಸಿಕೊಂಡು, ಅದೇ ಊರಿನ ಯಾಕೂಬನ ಜೀಪಿನಲ್ಲಿ ಬೆಳಿಗ್ಗೆಯೇ ಗ್ಯಾದರಿಂಗಿಗೆ ಹೊರಟಿದ್ದಳಂತೆ. ಆ ದಾರಿಯಲ್ಲೇ ಹಳ್ಳ ಇತ್ತು.

ಶಾಲೆಯಲ್ಲಿ ಪೆಂಡಾಲು ಇರಲಿಲ್ಲ, ಬಂದವರೆಲ್ಲ ಒಳಗಿನ ದೊಡ್ಡ ಕೋಣೆಯಲ್ಲಿ ಬೆಚ್ಚಗೆ ಕೂತಿದ್ದರು. ಟಿಕೋಟಾದ ಜೀಪು ಮಾತ್ರ ಬಂದಿರಲಿಲ್ಲ. ರಸ್ತೆಯ ಮೇಲೆ ನೀರು ಬಂದಿದೆ ಎಂದು ಯಾರೋ ಹೇಳಿದರು. ಯಾಕೂಬನ ಫೋನು ಹತ್ತಲಿಲ್ಲ. ಸಂಗನಬಸವ ಗೇಟಿನಲ್ಲಿ ನೆನೆಯುತ್ತ ನಿಂತ. ತನ್ನ ಸಂಸ್ಕಾರ, ತನ್ನ ಚೆಂಡುಹೂವು, ಎಲ್ಲದರ ಮೇಲೂ ಅವನಿಗೆ ಹೇಸಿಕೆ ಬಂತು. ಆ ಮಕ್ಕಳಿಗೆ ಏನಾದರೂ ಆದರೆ ಯಾರಿಗೆ ಮುಖ ತೋರಿಸುವುದು? ಕಣ್ಣಲ್ಲಿ ನೀರು ಬಂತು.

"ಸಿದ್ಧೇಶ್ವರಪ್ಪಾ," ಎಂದು ಗಟ್ಟಿಯಾಗಿಯೇ ಅಂದ, "ನಮ್ಮವ್ವನ್ನ, ಆ ಕೂಸುಗಳನ್ನ ಸುರಕ್ಷಿತ ಮುಟ್ಟಸು. ನೀ ಏನ ಹೇಳಿದ್ರೂ ಕೇಳ್ತೇನಿ!"

ಹಿಂದೆ ಕೊಡೆ ಹಿಡಿದು ನಿಂತಿದ್ದ ವಿದ್ಯಾವತಿ ಅವನ ತಲೆಯ ಮೇಲೂ ಕೊಡೆ ಹಿಡಿದಳು.

ಕಾಯ್ದು ಕಾಯ್ದು ಕಾಲು ಸೋತ ಮೇಲೆ ಹಾರ್ನು ಕೇಳಿಸಿತು. ಜೀಪು ಬಂತು, ಅದೂ ವಿಜಯಪುರದ ಕಡೆಯಿಂದ!

"ಹಳ್ಳದ ನೀರ ನೋಡಿ ಜೀಪ ತಿರಗಿಸಿಬಿಟ್ಟೆ," ಎಂದ ಯಾಕೂಬ. "ಊರಿಗೆ ಹೋಗೋಣು ಬೇ ಅಂದ್ರ ಮುದುಕಿ ಕೇಳಬೇಕಲ್ಲ? ಸುತ್ತ ಹಾಕ್ಕೊಂಡ ಬಂದೇವಿ."

ಮಕ್ಕಳು ಕೂಗುತ್ತ ಇಳಿದವು. ಸಂಗನಬಸವ ತಾಯಿಯ ಎರಡೂ ಕೈ ಹಿಡಿದು ಅತ್ತೇಬಿಟ್ಟ.

"ಯವ್ವಾ, ಇಂಥಾ ಮಳ್ಯಾಗ ಯಾಕ ಬಂದಿ ಬೇ?"

"ಲೇ ಸಂಗ್ಯಾ, ಒಂದ ಸಲ ಕರದ್ರ ಬರಬೇಕೋ ಬ್ಯಾಡೋ ಅನ್ನಬಹುದು. ಎರಡ ಸಲ ಪತ್ರ ಕಳಿಸಿದ ಮ್ಯಾಲ ಬರಲಿಲ್ಲಂದ್ರ ಏನ ತಿಳಕೊಂತಾರ?"

ಅವನಿಗೆ ಜೀವ ಬಂದಂತಾಗಿತ್ತು. ಒಳಗೆ ಹೋಗಿ ಎರಡು ಕಪ್ಪು ಚಹಾ ಕುಡಿದ. ಆದರೆ ಮಳೆ ನಿಲ್ಲಲಿಲ್ಲ, ಹಳ್ಳ ಇಳಿಯದೆ ಹೊರಡುವಂತಿರಲಿಲ್ಲ, ಮಕ್ಕಳು ಬೇಸತ್ತು ಬೆಂಚು ಹತ್ತಿ ಕುಣಿಯತೊಡಗಿದವು.

"ಏನರ ಮಾಡ್ರಿ ಮೇಡಂ," ಎಂದರು ಸಿದ್ದರಾಯರು. "ಆ ನಾಟಕರ ಹಚ್ಚ್ರಿ."

ವಿದ್ಯಾವತಿ ಕಪಾಟಿನಿಂದ ಇಳಕಲ್ ಸೀರೆ ತೆಗೆದಳು. ಸಂಗನಬಸವ ಬಾಗಿಲ ಕಡೆ ಸರಿದ.

"ಏನ ಹೇಳಿದ್ರೂ ಕೇಳ್ತೇನಿ ಅಂದಿದ್ರಿ," ಎಂದಳು ಅವಳು ಮೆಲ್ಲಗೆ.

"ಅದು ದೇವ್ರಿಗೆ ಹೇಳಿದ್ದು!"

"ಅವಂಗ ಹೊತ್ತಿಲ್ಲಂತ. ನನ್ನ ಕಡೆ ಹೇಳಿ ಕಳಸ್ಯಾನ."

ನೆರಿಗೆ ಹಿಡಿದವಳು ಸ್ವತಃ ಲಕ್ಕವ್ವ. ನಾಟಕ ಹೇಗಾಯಿತು ಅನ್ನುತ್ತೀರಾ? ವರನಾಗಿದ್ದ ಟೀಚರು ನಕ್ಕು ನಕ್ಕು ಮೀಸೆ ಉದುರಿಸಿಕೊಂಡಳು. ತಲೆ ತಗ್ಗಿಸಿ ಕೂತ ಕನ್ಯಾ ಚಹಾದ ತಟ್ಟೆಯನ್ನು ಮಾವನ ಮಡಿಲಿಗೇ ಸುರಿದಳು. ಮಕ್ಕಳು ಮತ್ತೆ ಮತ್ತೆ ಆಡಿಸಿದರು. ಕಚೇರಿಯವರು ಒಬ್ಬರೂ ಇಲ್ಲವಲ್ಲ ಎಂಬ ಧೈರ್ಯಕ್ಕೆ ಸಂಗನಬಸವ ಕೊನೆಕೊನೆಗೆ ನಾಚಿಕೊಳ್ಳುವುದನ್ನೂ ಕಲಿತ.

ಮಳೆ ನಿಂತು, ಹಳ್ಳ ಇಳಿದು, ಎಲ್ಲ ಮಕ್ಕಳೂ ಮನೆ ಮುಟ್ಟಿದ ಸುದ್ದಿ ಬಂದಾಗ ಇನ್ನೂ ಬೆಳಕಿತ್ತು. ಗಂಡ ಹೆಂಡತಿ ನಿಟ್ಟುಸಿರು ಬಿಟ್ಟು ಕಾರು ಹತ್ತುವಾಗ ಸಿದ್ದರಾಯರು ಓಡಿ ಬಂದರು.

"ಸಾಹೇಬ್ರ, ಭಾರಿ ಆತ್ರಿ ನಾಟಕ! ಆದ್ರ ಪತ್ರದಾಗಿನ ಉಳಿದ ಗಣ್ಯರು ಒಬ್ಬರೂ ನೋಡಲಿಲ್ಲ. ಬರೋ ಐತವಾರ ಮತ್ತ ಇಡೋಣು. ಮುಖ್ಯ ಅತಿಥಿ ಅಂತ ನಿಮ್ಮ ಆಫೀಸಿನ ಮ್ಯಾನೇಜರ್ ಸಾಹೇಬ್ರನ್ನ ಈಗ ಫೋನಿನಾಗ ಕೇಳಿದೆ. ಒಪ್ಪ್ಯಾರ. ಸ್ಟಾಫ್ ಎಲ್ಲಾ ಕರಕೊಂಡ ಬರ್ತಾರಂತ!"

ಸಂಗನಬಸವ ಮೊಬೈಲು ಹುಡುಕಿದ. "ಪತ್ರ ನಾ ಬರೀತೇನಿ! ಎಲ್ಲಾರ ಹೆಸರೂ ಹಾಕಿ, ಸವಿಸ್ತಾರ..."

"ನೀವ ದಣದೀರಿ, ಕುಂದರ್ರಿ," ಎಂದು ವಿದ್ಯಾವತಿ ತನ್ನ ಮೊಬೈಲು ತೆಗೆದು ಒಂದೇ ಸಾಲು ಹಾಕಿದಳು: 'ಐತವಾರ ಗ್ಯಾದರಿಂಗ್ ಐತಿ, ಕನ್ಯಾ ನಮ್ಮ ಮನಿಯವರು, ಎಲ್ಲಾರೂ ಬರ್ರಿ.'

ಅದನ್ನು ಮಾತ್ರ ಒಬ್ಬರೂ ತಪ್ಪು ತಿಳಿಯಲಿಲ್ಲ.