ಕೋತಿಯ ಕೈ ಸೇರಿದ ಮುಡುಪು

ಒಂದು ಘಟನೆಯನ್ನು ಐದು ಜನ ಕಣ್ಣಾರೆ ಕಂಡರೆ ಸತ್ಯ ಐದು ಪಟ್ಟು ಗಟ್ಟಿಯಾಗುತ್ತದೆ ಎಂದು ನೀವು ನಂಬಿದ್ದರೆ, ದಯವಿಟ್ಟು ಒಮ್ಮೆ ಹೆಂಡತಿಯ ತವರಿನವರ ಜೊತೆ ದೇವಸ್ಥಾನಕ್ಕೆ ಹೋಗಿಬನ್ನಿ. ನಾನು ತಿಪಟೂರಿನ ಕೋರ್ಟಿನಲ್ಲಿ ಟೈಪಿಸ್ಟು. ಸಾಕ್ಷಿಗಳು ಹೇಳಿದ್ದನ್ನು ದಿನವಿಡೀ ಟೈಪು ಮಾಡುವುದೇ ನನ್ನ ಅನ್ನ. ‘ನಾನು ನೋಡಿದೆ ಸ್ವಾಮಿ’ ಎನ್ನುವವನು ನಿಜಕ್ಕೂ ನೋಡಿದ್ದೆಷ್ಟು, ಪಕ್ಕದವನ ಬಾಯಿಂದ ಕೇಳಿ ಆಮೇಲೆ ಸೇರಿಸಿಕೊಂಡದ್ದೆಷ್ಟು ಎಂಬುದು ನನಗೆ ಅವನ ಉಸಿರಿನಲ್ಲೇ ಗೊತ್ತಾಗಿಬಿಡುತ್ತದೆ. ಇಂಥ ನನ್ನನ್ನು ನಮ್ಮ ನೆಂಟರ ಮದುವೆ, ಮುಂಜಿ, ನಾಮಕರಣಗಳಲ್ಲಿ ‘ಮುಡುಪಿನ ಕಾಯಿಯನ್ನು ಕೋತಿಗೆ ಕೊಟ್ಟ ಮಹಾನುಭಾವರು ಇವರೇ’ ಎಂದು ಬೆರಳು ತೋರಿಸಿ ಪರಿಚಯಿಸುತ್ತಾರೆ. ಎಲೆಯ ಮುಂದೆ ಕೂತವರು ನಗುತ್ತಾರೆ. ನನಗೆ ಪಾಯಸ ಗಂಟಲಿನಲ್ಲಿ ಇಳಿಯುವುದಿಲ್ಲ. ಕೊಟ್ಟವನು ನಾನಲ್ಲ. ಆ ಕಾಯಿ ಆ ಹೊತ್ತಿನಲ್ಲಿ ನನ್ನ ಕೈಯಲ್ಲಿರಲೇ ಇಲ್ಲ. ನನ್ನ ಕೈಯಲ್ಲಿದ್ದದ್ದು ನೀರಿನ ಕೂಜ. ಆದದ್ದನ್ನು ಆದ ಹಾಗೆ ಒಮ್ಮೆ ಬರೆದುಬಿಡುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಮೊದಲು ಮುಡುಪಿನ ವಿಷಯ. ನಮ್ಮ ಮಗಳು ಉಮಾಗೆ ಮೂರು ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ಕಿವಿ ಚೆನ್ನಾಗಿ ಕೇಳುತ್ತಿತ್ತು. ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದರೆ ಬೀದಿಯಲ್ಲಿದ್ದವಳು ಓಡಿಬರುತ್ತಿದ್ದಳು. ಆದರೆ ಬಾಯಿಂದ ಒಂದು ‘ಅಮ್ಮ’ ಇಲ್ಲ. ಡಾಕ್ಟರು ‘ಬರುತ್ತೆ, ಕಾಯಿರಿ’ ಎಂದರು. ಕಾಯುವುದು ಗಂಡಸರಿಗೆ ಸುಲಭ. ಆಫೀಸಿಗೆ ಹೋಗಿಬಿಡಬಹುದು. ನನ್ನ ಹೆಂಡತಿ ಗಿರಿಜ ಮಾತ್ರ ದಿನವೆಲ್ಲ ಆ ಮಗುವಿನ ಮುಂದೆ ಕೂತು ‘ಹೇಳು ಕಂದ, ಅಮ್ಮ ಅನ್ನು’ ಎಂದು ಹೇಳಿ ಹೇಳಿ, ಕೊನೆಗೆ ತನ್ನ ತವರಿನ ಮನೆದೇವರಾದ ಬೆಟ್ಟದ ಮಲ್ಲೇಶ್ವರನಿಗೆ ಹರಕೆ ಹೊತ್ತಳು. ತವರಿನ ತೋಟದ ಒಂದು ತೆಂಗಿನಕಾಯಿಯನ್ನು ಅರಿಶಿನ ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಿನಲ್ಲಿಟ್ಟಳು. ಮಗು ಮಾತಾಡಿದರೆ, ವರ್ಷ ತುಂಬಿದ ಮೇಲೆ ಅದೇ ಕಾಯಿಯನ್ನು ಬೆಟ್ಟಕ್ಕೆ ಒಯ್ದು ಒಪ್ಪಿಸುವುದು. ದಿನಾ ಬೆಳಿಗ್ಗೆ ಅದಕ್ಕೆ ಒಂದು ಹೂವು. ಮಳೆಗಾಲ ಕಳೆದು ಅವರೆಕಾಯಿ ಬರುವ ಹೊತ್ತಿಗೆ ಉಮಾ ಮಾತಾಡಿದಳು. ಬಂದ ಮೇಲೆ ಅದು ಸಾಮಾನ್ಯ ಮಾತಲ್ಲ. ಮೂರು ವರ್ಷ ಕೂಡಿಟ್ಟುಕೊಂಡದ್ದನ್ನೆಲ್ಲ ಒಟ್ಟಿಗೆ ಸುರಿದಳು. ಇದು ಮಲ್ಲೇಶ್ವರನ ಕೃಪೆಯೋ ಡಾಕ್ಟರು ಹೇಳಿದ ‘ಬರುತ್ತೆ’ಯೋ ಎಂಬ ಪ್ರಶ್ನೆಯನ್ನು ನಾನು ಮನೆಯಲ್ಲಿ ಎತ್ತಲಿಲ್ಲ. ನನಗೂ ಬುದ್ಧಿಯಿದೆ.

ಹರಕೆ ತೀರಿಸಲು ಹೊರಟದ್ದು ಮೊದಲ ಮಳೆ ಬಿದ್ದ ವಾರದ ಒಂದು ಭಾನುವಾರ. ಗಿರಿಜಳ ತಮ್ಮ ರುದ್ರೇಶ ಮಾಯಸಂದ್ರದ ಹತ್ತಿರ ತೋಟ ಮಾಡಿಕೊಂಡು, ಕೊಬ್ಬರಿ ವ್ಯಾಪಾರವನ್ನೂ ಇಟ್ಟುಕೊಂಡಿದ್ದವನು. ಕೊಬ್ಬರಿ ಸಾಗಿಸುವ ತನ್ನ ಮೆಟಡಾರನ್ನು ತೊಳೆಸಿ, ಹಿಂದೆ ಜಮಖಾನ ಹಾಸಿ, ಬೆಳಗಿನ ತಿಂಡಿಯ ಹೊತ್ತಿಗೇ ನಮ್ಮ ಮನೆ ಮುಂದೆ ತಂದು ನಿಲ್ಲಿಸಿದ. ಎಷ್ಟು ತೊಳೆದರೂ ಆ ಗಾಡಿಯಲ್ಲಿ ಕೊಬ್ಬರಿಯ ವಾಸನೆ ಹೋಗದು. ನಮ್ಮ ಅತ್ತೆ ಆಗಲೇ ಒಳಗೆ ಬುತ್ತಿಯ ಗಂಟಿನ ಜೊತೆ ಕೂತಿದ್ದರು. ರುದ್ರೇಶನ ಯೋಜನೆ ಹೀಗಿತ್ತು: ತುರುವೇಕೆರೆ ದಾಟಿ, ದಾರಿಯಲ್ಲಿ ಸಿಗುವ ಬಂಡೆ ಆಂಜನೇಯನಿಗೆ ಒಂದು ಕೈ ಮುಗಿದು, ಮಧ್ಯಾಹ್ನಕ್ಕೆ ಬೆಟ್ಟದ ಮಲ್ಲೇಶ್ವರ, ಸಾಯಂಕಾಲ ಅವನ ತೋಟ. ‘ಮಳೆ ಬಿದ್ದದೆ ಭಾವ. ತೋಟದ ಬದಿನ ಹೊಂಗೆಮರಕ್ಕೆ ಮಿಣುಕು ಹುಳ ಬಂದವೆ. ಉಮಾಗೆ ತೋರಿಸಾನ’ ಎಂದ. ನಾನು ಅಂದೆ, ‘ಹರಕೆ ಮಲ್ಲೇಶ್ವರನದು. ಮೊದಲು ಅದು ಮುಗಿಯಲಿ. ಆಂಜನೇಯನನ್ನು ಬರುವಾಗ ನೋಡಿದರಾಯ್ತು.’ ಇದನ್ನು ನಾನು ಗಾಡಿ ಹತ್ತುವ ಮೊದಲೇ, ಎಲ್ಲರಿಗೂ ಕೇಳುವಂತೆ ಹೇಳಿದೆ. ಇವತ್ತು ಇದು ಯಾರಿಗೂ ನೆನಪಿಲ್ಲ. ‘ದಾರೀಲಿ ಸಿಕ್ಕೋ ದೇವ್ರನ್ನ ದಾಟ್ಕೊಂಡು ಹೋಗ್ತಾರೇನಪ್ಪ?’ ಎಂದರು ಅತ್ತೆ. ಅಲ್ಲಿಗೆ ಮುಗಿಯಿತು.

ಬಂಡೆ ಆಂಜನೇಯನ ಗುಡಿಯ ಮೆಟ್ಟಿಲಿನ ಎರಡು ಪಕ್ಕಕ್ಕೂ ಹುಣಸೆಮರಗಳು, ಮರದ ತುಂಬ ಕೋತಿಗಳು. ಕೆಳಗೆ ಒಬ್ಬ ಮುದುಕಿ ಕಡಲೆಕಾಯಿ, ಬಾಳೆಹಣ್ಣು ಮಾರುತ್ತಿದ್ದಳು. ಆ ಮುದುಕಿಯ ವ್ಯಾಪಾರದ ಗುಟ್ಟು ನೋಡಿ: ಭಕ್ತರು ಅವಳಿಂದ ಕೊಂಡು ಕೋತಿಗೆ ಹಾಕಬೇಕು, ಹಾಕದಿದ್ದರೆ ಕೋತಿ ಭಕ್ತರ ಮೈಮೇಲೆ ಬರುತ್ತದೆ. ಇದನ್ನೇ ಪೇಟೆಯಲ್ಲಿ ಮನುಷ್ಯರು ಮಾಡಿದರೆ ನಮ್ಮ ಕೋರ್ಟಿಗೆ ಬರುತ್ತಾರೆ. ಮುಡುಪು ಗಿರಿಜಳ ಕೈಚೀಲದಲ್ಲಿ, ಸೀರೆಯ ಸೆರಗಿನ ಕೆಳಗೆ ಭದ್ರವಾಗಿತ್ತು. ನಾನು ‘ಚೀಲ ಗಾಡಿಯಲ್ಲೇ ಇರಲಿ’ ಎಂದೆ. ‘ದೇವರ ಕಾಯಿನ ಗಾಡೀಲಿ ಬಿಟ್ಟು ಬರ್ತಾರೇನ್ರೀ?’ ಎಂದಳು. ಸರಿ. ಮೆಟ್ಟಿಲು ಹತ್ತಿದೆವು. ಅರ್ಧ ದಾರಿಯಲ್ಲಿ ಅತ್ತೆಗೆ ದಮ್ಮು ಬಂತು. ಕೂತರು. ನಾನು ಕೂಜದ ಮುಚ್ಚಳ ತೆಗೆದು ಅವರಿಗೆ ನೀರು ಬಗ್ಗಿಸುತ್ತಿದ್ದೆ. ಆಗ ರುದ್ರೇಶ ಅಕ್ಕನ ಚೀಲದೊಳಗೆ ಕೈ ಹಾಕಿದ.

ಏಕೆ ಹಾಕಿದ ಎಂಬುದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ನಮ್ಮ ಸೀಮೆಯಲ್ಲಿ ಕಾಯಿಯನ್ನು ಅಟ್ಟದ ಮೇಲೆ ವರ್ಷದವರೆಗೆ ಇಟ್ಟರೆ ಒಳಗಿನ ನೀರು ಹೀರಿಹೋಗಿ, ತಿರುಳು ಒಣಗಿ ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆ ಸದ್ದಿನಲ್ಲೇ ಕೊಬ್ಬರಿ ಎಂಥದೆಂದು ಹೇಳುತ್ತಾರೆ. ಕೊಬ್ಬರಿಯವರ ಕೈಗೆ ವರ್ಷದ ಕಾಯಿ ಸಿಕ್ಕರೆ ಅದು ತಾನಾಗಿ ಕಿವಿಗೆ ಹೋಗುತ್ತದೆ. ತೊಟ್ಟಿಲಿನ ಮಗುವನ್ನು ಎತ್ತಿಕೊಂಡರೂ ಇವರು ಮೊದಲು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೇನೋ ಎಂದು ನನಗೆ ಅನುಮಾನ. ದೇವರ ಗೂಡಿನಲ್ಲಿ ವರ್ಷವಿಡೀ ಇದ್ದ ಆ ಮುಡುಪನ್ನು ರುದ್ರೇಶ ಹೊರತೆಗೆದು, ಬಲಗೈಯಲ್ಲಿ ಹಿಡಿದು, ಬಲಗಿವಿಯ ಪಕ್ಕ ಅಲ್ಲಾಡಿಸಿದ. ಗಡಗಡ ಎಂದಿತು. ಅವನ ಮುಖ ಅರಳಿತು. ‘ಅಕ್ಕಾ, ಒಳ್ಳೆ ಉಂಡೆ ಬಿಟ್ಟದೆ ಕಣೇ! ಕೇಳಿ ಭಾವ’ ಎಂದು ನನ್ನ ಕಡೆ ತಿರುಗಿ ಇನ್ನೊಮ್ಮೆ ಅಲ್ಲಾಡಿಸಿದ. ನಾನು ಕೇಳಿದೆ. ನನಗಿಂತ ಮೇಲಿನ ಕೊಂಬೆಯಲ್ಲಿದ್ದ ಒಂದು ಗಂಡು ಕೋತಿಯೂ ಕೇಳಿತು. ಅದು ಇಳಿದದ್ದನ್ನು ನಾನು ನೋಡಲಿಲ್ಲ. ನೋಡಿದೆ ಎಂದು ಹೇಳುವುದೂ ಇಲ್ಲ. ನಾನು ನೋಡಿದ್ದು, ರುದ್ರೇಶನ ಕಿವಿಯ ಪಕ್ಕ ಬರಿಗೈ ಇನ್ನೂ ಅಲ್ಲಾಡುತ್ತಿದ್ದದ್ದು. ಅರಿಶಿನ ಬಟ್ಟೆಯ ಗಂಟು ಆಗಲೇ ಬಂಡೆಯ ಮೇಲೆ, ಕೋತಿಯ ಕೈಯಲ್ಲಿತ್ತು.

ಕೋತಿ ಗಂಟು ಬಿಚ್ಚಿತು. ನಮ್ಮವರಿಗಿಂತ ಅಚ್ಚುಕಟ್ಟಾಗಿ ಬಿಚ್ಚಿತು. ಬಟ್ಟೆಯನ್ನು ಕೆಳಗೆ ಬಿಟ್ಟು, ಕಾಯಿಯನ್ನು ಎರಡು ಕೈಯಲ್ಲಿ ಎತ್ತಿ ಬಂಡೆಗೆ ಕುಟ್ಟಿತು. ಗಿರಿಜ ‘ಅಯ್ಯೋ ಸ್ವಾಮಿ’ ಎಂದು ಅಲ್ಲೇ ಕುಸಿದಳು. ಚಿಕ್ಕನಾಯಕನಹಳ್ಳಿ ಕಡೆಯಿಂದ ಬಂದಿದ್ದ ಒಂದು ಗುಂಪು ಹೆಂಗಸರು ಕೈ ಮುಗಿದರು. ಮೂರನೆಯದೋ ನಾಲ್ಕನೆಯದೋ ಏಟಿಗೆ ಚಿಪ್ಪು ಒಡೆದು, ಒಳಗಿಂದ ಕೊಬ್ಬರಿ ಒಂದು ಚೂರೂ ಮುಕ್ಕಾಗದೆ ಉರುಳಿ ಬಂತು. ನನ್ನ ಭಾಮೈದ ಆಗ ಹೇಳಿದ ಮಾತನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ‘ಆಹಾ! ಏನ್ ಕೊಬ್ಬರಿ ಭಾವ! ನಮ್ ತೋಟದ್ದು!’

ನಾನು ಕಿರುಚಿದೆ ಎನ್ನುತ್ತಾರೆ. ಕಿರುಚಲಿಲ್ಲ. ಗಟ್ಟಿಯಾಗಿ ಹೇಳಿದೆ. ಹೇಳಿದ್ದು ಇಷ್ಟು: ನಿನ್ನ ಕೊಬ್ಬರಿಗೆ ಬೆಂಕಿ ಬೀಳಲಿ. ನಿನ್ನ ಕಿವಿ ಕಿವುಡಾಗಲಿ. ಒಂದು ವರ್ಷ ನಿಮ್ಮಕ್ಕ ಹೂವಿಟ್ಟ ಕಾಯಿ, ನಿನಗೆ ಒಂದು ನಿಮಿಷ ಸುಮ್ಮನೆ ಇರಲಾಗಲಿಲ್ಲವೇ? ಅದಕ್ಕೆ ಅವನು, ‘ಬುಡಿ ಭಾವ, ಆಂಜನೇಯನೂ ಶಿವನ ಅಂಶಾನೇ ಅಲ್ವರಾ? ಸ್ವಾಮಿಗೆ ತಡ್ಯಕಾಗ್ಲಿಲ್ಲ, ಇಲ್ಲೇ ಬಂದು ಇಸ್ಕೊಂಡ’ ಎಂದ. ಹೆಂಗಸರ ಗುಂಪು ‘ಹೌದು ಹೌದು’ ಎಂದಿತು. ನಾನು ಆ ಗುಂಪಿನ ಕಡೆಗೂ ತಿರುಗಿದೆ. ಕಡಲೆಕಾಯಿ ಮುದುಕಿ, ‘ಒಂದು ಪೊಟ್ಣ ತಗಂಡಿದ್ರೆ ಹಿಂಗಾಯ್ತಿತ್ತಾ ಸ್ವಾಮಿ?’ ಎಂದಳು. ಅವಳಿಗೂ ಹೇಳುವುದನ್ನು ಹೇಳಿದೆ. ಅಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೇಳಿಸಿದವನು ನಾನಾದ್ದರಿಂದ, ನೋಡಿದವರ ನೆನಪಿನಲ್ಲಿ ಆಮೇಲೆ ಕಾಯಿಯೂ ನನ್ನ ಕೈಗೇ ಬಂದು ಸೇರಿತು. ಎಷ್ಟು ಹೇಳಿದರೂ ಕೋತಿ ಮಾತ್ರ ನನ್ನ ಮುಖವನ್ನೇ ನೋಡುತ್ತ ನಿಧಾನವಾಗಿ ಕೊಬ್ಬರಿ ಅಗಿಯುತ್ತಿತ್ತು.

ಉಮಾ ಮಾತು ಬಿಟ್ಟಿದ್ದಾಳೆ ಎಂದು ನಮಗೆ ಗೊತ್ತಾದದ್ದು ಗಾಡಿ ಹೊರಟ ಮೇಲೆ. ತಿಪಟೂರಿನಿಂದ ಬರುವಾಗ ಆ ಮಗು ದಾರಿಯ ಪ್ರತಿ ಎಮ್ಮೆಯ ಬಗ್ಗೆಯೂ ವಿಚಾರಿಸಿತ್ತು. ಈಗ ಕಿಟಕಿಯ ಪಕ್ಕ ಬಾಯಿ ಬಿಗಿದುಕೊಂಡು ಕೂತಿತ್ತು. ಗಿರಿಜ ‘ಎಮ್ಮೆ ನೋಡು ಕಂದ’ ಎಂದಳು. ನೋಡಿತು, ಅಷ್ಟೇ. ಬುತ್ತಿ ಬಿಚ್ಚಿ ಚಿತ್ರಾನ್ನ ಕೊಟ್ಟಾಗ ‘ಸಾಕಾ, ಬೇಕಾ?’ ಎಂದರೆ ತಲೆಯಾಡಿಸಿತು. ಗಿರಿಜ ಬುತ್ತಿಯ ಗಂಟನ್ನು ಮತ್ತೆ ಕಟ್ಟಿಟ್ಟಳು. ‘ಕಾಯಿ ಮಲ್ಲೇಶ್ವರಂಗೆ ಮುಟ್ಟಲಿಲ್ಲ ಕಣ್ರೀ. ಕೊಟ್ಟಿದ್ದನ್ನ ವಾಪಸ್ ತಗೊಂಡ’ ಎಂದು ಮೆಲ್ಲಗೆ ಹೇಳಿದಳು. ‘ಕೋತಿ ಕಂಡು ಹೆದರಿದೆ, ಅಷ್ಟೇ’ ಎಂದೆ. ಧೈರ್ಯವಾಗಿ ಹೇಳಿದೆನಾದರೂ ಆ ಮಗು ಬೆಲ್ಲದ ಡಬ್ಬಿಯನ್ನು ಬೆರಳಿನಲ್ಲಿ ತೋರಿಸುತ್ತಿದ್ದ ದಿನಗಳು ನೆನಪಾದವು. ಭಯಪಟ್ಟ ಗಂಡಸು ಏನು ಮಾಡುತ್ತಾನೋ ಅದನ್ನೇ ನಾನೂ ಮಾಡಿದೆ. ರುದ್ರೇಶನನ್ನು ಇನ್ನಷ್ಟು ಬೈದೆ.

ಮಲ್ಲೇಶ್ವರನ ಗುಡಿಯ ಅಯ್ಯನವರು ವಯಸ್ಸಾದವರು. ಎಲ್ಲ ಕೇಳಿ, ಉಮಾಳ ಗಲ್ಲ ಹಿಡಿದು ‘ಏನವ್ವ ನಿನ್ನ ಹೆಸರು?’ ಎಂದರು. ಮಗು ನನ್ನ ಮುಖ ನೋಡಿತು. ಮಾತಿಲ್ಲ. ನಾನು ಹೇಳಿದೆ, ‘ಉಮಾ ಅಂತ. ಬೆಳಿಗ್ಗೆವರೆಗೂ ಚೆನ್ನಾಗಿ ಮಾತಾಡ್ತಿದ್ಲು. ಎಲ್ಲಾ ಇವನಿಂದ.’ ಅಯ್ಯನವರು ‘ಬೇರೆ ಕಾಯಿ ಒಡೆಸಿ, ಅವನು ಬೇಡ ಅನ್ನಲ್ಲ’ ಎಂದರು. ರುದ್ರೇಶ ಗಾಡಿಯಿಂದ ತನ್ನ ತೋಟದ್ದೇ ನೀರು ತುಂಬಿದ ಹೊಸ ಕಾಯಿ ತಂದ. ಗಿರಿಜ, ‘ಅದಕ್ಕೆ ನಾನು ಹೂವಿಟ್ಟಿಲ್ಲ’ ಎಂದಳು. ಹಾಗೆಂದು ಕಂಬಕ್ಕೆ ಒರಗಿ ಅತ್ತಳು. ಅವಳು ಅಳುವುದನ್ನು ನೋಡಲಾಗದೆ ನಾನು ಅಯ್ಯನವರನ್ನೇ ಹಿಡಿದುಕೊಂಡೆ. ಶಿವನಿಗೆ ಸಲ್ಲಬೇಕಾದದ್ದು ದಾರಿಯಲ್ಲಿ ಕೋತಿಯ ಪಾಲಾದರೆ ಸಂದಂತೆಯೋ ಇಲ್ಲವೋ, ಸ್ಪಷ್ಟವಾಗಿ ಹೇಳಿ ಎಂದೆ. ಅವರು ಮಂಗಳಾರತಿ ತಟ್ಟೆ ನನ್ನ ಮುಂದೆ ಹಿಡಿದು, ‘ಸಮಾಧಾನ ಮಾಡ್ಕಳಿ’ ಎಂದರು. ಇದು ಉತ್ತರವೇ? ಮೆಟ್ಟಿಲಿಳಿಯುವಾಗ ಇದನ್ನೇ ನಾನು ಎಲ್ಲರಿಗೂ ಕೇಳಿದೆ. ಗಾಡಿಯಲ್ಲಿ ಮತ್ತೆ ಕೇಳಿದೆ. ಆಂಜನೇಯ ಶಿವಾಂಶವೆಂದರೆ ಈ ಕೋತಿಗಳೆಲ್ಲ ಶಿವಾಂಶವೇ, ಹಾಗಾದರೆ ಕಡಲೆಕಾಯಿ ಮುದುಕಿ ಯಾರು, ಎಂದು ರುದ್ರೇಶನನ್ನು ಬಿಡದೆ ವಿಚಾರಣೆ ಮಾಡಿದೆ. ಅವನು ಗೇರು ಬದಲಿಸುವುದರಲ್ಲಿ ಬಹಳ ಶ್ರದ್ಧೆ ತೋರಿಸಿದ.

ಅವನ ತೋಟ ತಲುಪಿದಾಗ ಹೊತ್ತು ಮುಳುಗುತ್ತಿತ್ತು. ಗಿರಿಜಳಿಗೆ ಮನೆಗೆ ಹೋದರೆ ಸಾಕಾಗಿತ್ತು. ‘ಮಗೀಗೆ ಮಾತು ಕೊಟ್ಟಿದ್ದೀನಿ ಅಕ್ಕ, ಒಂದ್ ಗಳಿಗೆ’ ಎಂದು ರುದ್ರೇಶ ಉಮಾಳನ್ನು ಎತ್ತಿಕೊಂಡು ಬದುವಿನ ಮೇಲೆ ನಡೆದ. ನಾವು ಹಿಂದೆ ಹೋದೆವು. ಮಳೆ ಬಿದ್ದ ಮಣ್ಣು ಮೆತ್ತಗಿತ್ತು. ಬದುವಿನ ಹುಲ್ಲಿನಲ್ಲಿ ಆಗಲೇ ಒಂದೆರಡು ಹುಳ ಮಿಣುಕಿ ಆರುತ್ತಿದ್ದವು. ನಾನು ಹುಳಗಳ ಮೇಲೂ ಸಿಟ್ಟಾದೆನೆಂದು ಹೇಳುತ್ತಾರೆ. ಅದು ನಿಜ. ಬೆಳಕು ಕೊಡುವ ಹಾಗಿದ್ದರೆ ನೆಟ್ಟಗೆ ಕೊಡಬೇಕು, ಕೊಟ್ಟು ಕಿತ್ತುಕೊಳ್ಳುವುದೇನು ಎಂದೆ. ಆ ಮಾತಿನ ಮಧ್ಯದಲ್ಲಿ ನನ್ನ ಗಂಟಲು ಕಟ್ಟಿತು. ಬೆಳಗಿನಿಂದ ಆಡಿ ಆಡಿ ಸ್ವರ ಒಡೆದು, ಬರೀ ಗಾಳಿ ಬಂತು. ಕೆಮ್ಮಿದೆ. ಮತ್ತೆ ಪ್ರಯತ್ನಿಸಿದೆ. ಬರಲಿಲ್ಲ. ಸುಮ್ಮನೆ ನಿಂತೆ.

ತೆಂಗಿನ ಸಾಲಿನ ಕೆಳಗೆ ಕತ್ತಲು ಮೊದಲು ತುಂಬಿತು, ಮೇಲೆ ಗರಿಗಳ ನಡುವೆ ಇನ್ನೂ ಸ್ವಲ್ಪ ಬೆಳಕಿತ್ತು. ಬದುವಿನ ಹೊಂಗೆಮರದಲ್ಲಿ ಒಂದು ಮಿಣುಕಿತು. ಆಮೇಲೆ ಅದರ ಪಕ್ಕ. ಆಮೇಲೆ ಮರವೆಲ್ಲ ಒಮ್ಮೆಗೇ ಹೊತ್ತಿ, ಒಮ್ಮೆಗೇ ಆರಿ, ಮತ್ತೆ ಹೊತ್ತಿತು. ಎಲ್ಲೋ ಕಪ್ಪೆಯೊಂದು ಕೂಗಿ ನಿಂತಿತು. ಆ ನಿಶ್ಶಬ್ದದಲ್ಲಿ ರುದ್ರೇಶನ ಹೆಗಲ ಮೇಲಿಂದ ಒಂದು ಧ್ವನಿ ಬಂತು.

‘ಮಾವ, ಇವಕ್ಕೆ ಆರಿಸು ಅಂತ ಯಾರು ಹೇಳ್ತಾರೆ?’

ಗಿರಿಜ ಓಡಿಹೋಗಿ ಮಗುವನ್ನು ಕಿತ್ತುಕೊಂಡಳು. ಅತ್ತೆ ಬೆಟ್ಟವಿರುವ ದಿಕ್ಕಿಗೆ ಕೈ ಮುಗಿದರು. ರುದ್ರೇಶ, ‘ನೋಡಿದ್ರಾ ಭಾವ! ಆಂಜನೇಯ ಮುಟ್ಟಿಸವ್ನೆ!’ ಎಂದ. ನಾನು ಬದುವಿನ ಮೇಲೆ ಕೂತುಬಿಟ್ಟೆ. ಇದ್ದಷ್ಟು ಗಂಟಲಿನಲ್ಲಿ ಕೇಳಿದೆ: ‘ಕೋತಿ ನೋಡಿ ಹೆದರಿಕೊಂಡಿದ್ಯಾ ಕಂದ?’

‘ಇಲ್ಲಪ್ಪ. ಕೋತಿ ಚೆನ್ನಾಗಿತ್ತು.’

‘ಮತ್ತೆ ಇಷ್ಟೊತ್ತೂ ಯಾಕೆ ಮಾತಾಡಲಿಲ್ಲ?’

‘ನೀನು ಮಾತಾಡ್ತಿದ್ದೆಯಲ್ಲಪ್ಪ.’

ಕತ್ತಲಲ್ಲಿ ನನ್ನ ಭಾಮೈದ ನಕ್ಕದ್ದು ಕೇಳಿಸಿತು. ಗಿರಿಜ ನಕ್ಕದ್ದೂ ಕೇಳಿಸಿತು, ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡದ್ದೂ. ಈ ಆರೋಪಕ್ಕೆ ತಕ್ಕ ಉತ್ತರ ನನ್ನಲ್ಲಿತ್ತು. ನಾಲ್ಕು ವರ್ಷದ ಮಗುವಿಗೂ ಅರ್ಥವಾಗುವ ಹಾಗೆ, ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳಬಹುದಾದ ಉತ್ತರ. ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ. ಆದರೆ ಅಷ್ಟರಲ್ಲಿ ಅವಳು ಮಾತಾಡಲು ಶುರು ಮಾಡಿದ್ದಳು. ತಿಪಟೂರು ಬಂದರೂ ನನಗೆ ಸಂದು ಸಿಗಲಿಲ್ಲ.