‘ಬೆವರಿನ ಮಾತು’ ಕಾರ್ಯಕ್ರಮದ ಜನಮಿತ್ರರಿಗೆ, ತನಿಯನ ಹೆಸರಿನ ವಿಷಯವಾಗಿ

ದೋಹಾ, ೨೨ ಆಗಸ್ಟ್ ೨೦೦೮, ಶುಕ್ರವಾರ

ಮಾನ್ಯರೇ,

ಜಗತ್ತಿನ ಶೋಷಿತರೆಲ್ಲರ ಕೊರಳೂ, ಬಂಡವಾಳಶಾಹಿಯ ನಿದ್ದೆಗೆಡಿಸುವವರೂ, ‘ಸಮಪಾಲು ಸಮುದಾಯ ಬಾನುಲಿ’ಯ ಮೂಲಕ ಪ್ರತಿ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಇಂಟರ್‌ನೆಟ್ಟಿನಲ್ಲಿ ತಪ್ಪದೆ ಪ್ರತ್ಯಕ್ಷರಾಗುವವರೂ ಆದ ಶ್ರೀ ಜನಮಿತ್ರರ ಸನ್ನಿಧಾನಕ್ಕೆ, ಇಂಡಸ್ಟ್ರಿಯಲ್ ಏರಿಯಾದ ಒಂದು ಲೇಬರ್ ಕ್ಯಾಂಪಿನ ಬಸ್ ಚಾಲಕನ ಸಾವಿರ ಸಲಾಮುಗಳು. ಅಲ್ ಸದ್ದ್ ಬಡಾವಣೆಯ ಫ್ಲ್ಯಾಟಿನಲ್ಲಿ ತಾವು ಕ್ಷೇಮ, ತಮ್ಮ ಮೈಕು ಕ್ಷೇಮ, ರೆಕಾರ್ಡಿಂಗಿನಲ್ಲಿ ಗುಂಯ್ ಎಂಬ ಸದ್ದು ಬರಬಾರದೆಂದು ನಲವತ್ತು ನಿಮಿಷ ಎ.ಸಿ. ಆರಿಸಿ ಕುಳಿತುಕೊಳ್ಳುವ ತಮ್ಮ ತ್ಯಾಗವೂ ಎಂದಿನಂತೆ ನಡೆದಿದೆ ಎಂದು ಭಾವಿಸುತ್ತೇನೆ. ಆ ತ್ಯಾಗದ ಸಂಗತಿಯನ್ನು ತಾವೇ ಎರಡು ಸಂಚಿಕೆಗಳಲ್ಲಿ ಹೇಳಿಕೊಂಡಿದ್ದರಿಂದ ನಮಗೆ ತಿಳಿಯಿತು.

ನಾನು ತಮ್ಮ ವಿರೋಧಿಯಲ್ಲ, ದಯವಿಟ್ಟು ಹಾಗೆ ತಿಳಿಯಬಾರದು. ಕಂಪ್ಯೂಟರ್ ಇಲ್ಲದ ನಮ್ಮ ಕ್ಯಾಂಪಿಗಾಗಿ ತಮ್ಮ ಮಾತುಗಳನ್ನು ಸಿ.ಡಿ.ಗೆ ಇಳಿಸಿಕೊಂಡು ಬಂದು, ಸೈಟಿಗೆ ಹೋಗುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ಹಾಕಿದವನು ನಾನೇ. ಪ್ರಭುತ್ವ ಎಂದರೇನು, ಸಂಸ್ಕೃತಿಯ ಹೆಸರಿನಲ್ಲಿ ಯಾರು ಯಾರನ್ನು ತುಳಿಯುತ್ತಾರೆ, ಜಾತಿ ವಿಮಾನ ಹತ್ತಿ ಕೊಲ್ಲಿಗೂ ಹೇಗೆ ಬಂತು ಎಂಬುದನ್ನೆಲ್ಲ ನಮ್ಮವರು ತಮ್ಮಿಂದಲೇ ಕೇಳಿ ತಿಳಿದರು. ಅರ್ಧ ಜನ ತೂಕಡಿಸುತ್ತಿದ್ದುದು ನಿಜ, ಆದರೆ ಉಳಿದವರು ತಲೆದೂಗುತ್ತಿದ್ದರು, ಮತ್ತು ತಾವು ಹೇಳಿದ್ದರಲ್ಲಿ ಸುಳ್ಳು ಎನ್ನುವಂಥದ್ದು ಏನೂ ಇರಲಿಲ್ಲ. ಆ ನಂಬಿಕೆಯ ಮೇಲೆಯೇ ಜುಲೈ ಮೊದಲ ವಾರ ತಾವು ‘ನೊಂದವರ ದನಿ ಬೇಕು’ ಎಂದಾಗ ನಾನು ತಮ್ಮನ್ನು ಕ್ಯಾಂಪಿಗೆ ಕರೆದೊಯ್ದು ತನಿಯನ ಮುಂದೆ ಕೂರಿಸಿದೆ. ಈ ಪತ್ರದಲ್ಲಿ ನಾನು ಯಾರ ಮೇಲಾದರೂ ತಮ್ಮ ಮೇಲಿನದಕ್ಕಿಂತ ಹೆಚ್ಚು ಸಿಟ್ಟಾಗಿದ್ದರೆ ಅದು ನನ್ನ ಮೇಲೆ.

ತನಿಯ ಏಳುವ ಕಟ್ಟಡಗಳಿಗೆ ಅಟ್ಟಣಿಗೆ, ಅಂದರೆ ಸ್ಕಾಫೋಲ್ಡಿಂಗ್, ಕಟ್ಟುವವನು, ಮಾತು ಕಡಿಮೆ. ಬೇಸಿಗೆಯಲ್ಲಿ ಹನ್ನೊಂದೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂದು ಕಳೆದ ವರ್ಷ ಕಾನೂನು ಬಂದ ಮೇಲೆ, ನಮ್ಮ ಕಂಪನಿ ಆ ವಿಶ್ರಾಂತಿಯನ್ನು ನಿಂತ ಬಸ್ಸಿನೊಳಗೆ ಕೊಡುತ್ತದೆ, ಡೀಸೆಲ್ ಉಳಿಸಲು ಇಂಜಿನ್ ಆರಿಸಿ ಕೊಡುತ್ತದೆ ಎಂಬುದನ್ನು ಅವನು ಇದ್ದದ್ದು ಇದ್ದ ಹಾಗೆ ತಮಗೆ ಹೇಳಿದ. ಇಂಜಿನ್ ಆರಿಸುವ ಚಾಲಕ ಯಾರು ಎಂದು ತಾವು ಎರಡು ಸಲ ಕೇಳಿದಿರಿ. “ಅವರ ಹೆಸರು ಯಾಕೆ ಸಾರ್, ಅವರು ಹೇಳಿದ ಕೆಲಸ ಮಾಡುವವರು” ಎಂದು ಅವನು ಅಲ್ಲಿಗೇ ನಿಲ್ಲಿಸಿದ. ಆ ಚಾಲಕ ನಾನು, ಅವನ ಪಕ್ಕದಲ್ಲೇ ಕುಳಿತಿದ್ದೆ. ನನಗೆ ನಾಚಿಕೆಯಾಯಿತು, ಆದರೂ ಬಾಯಿ ಬಿಡಲಿಲ್ಲ.

ಹಿಂದಿರುಗುವಾಗ ತಾವು ಕಾರಿನಲ್ಲಿ, ಜನಮಿತ್ರ ಎಂಬುದು ತಾವೇ ಇಟ್ಟುಕೊಂಡ ಹೆಸರೆಂದೂ, ದೊಡ್ಡ ಕಂಪನಿಯಲ್ಲಿ ಹುದ್ದೆ ಇರುವುದರಿಂದ ನಿಜವಾದ ಹೆಸರು ಹೊರಬಿದ್ದರೆ ಹೆಂಡತಿ ಮಕ್ಕಳ ಗತಿ ಕಷ್ಟವೆಂದೂ ಬಹಳ ಸಂಕೋಚದಿಂದ ತಿಳಿಸಿದಿರಿ. ನಾನು ಒಪ್ಪಿದೆ; ಎಚ್ಚರದಿಂದ ಇರುವವರನ್ನು ಕಂಡರೆ ನನಗೆ ಗೌರವ. ಮುಂದಿನ ಶುಕ್ರವಾರ ತನಿಯನ ಹೆಸರು, ಅವನ ತಂದೆಯ ಹೆಸರು, ಊರು, ಕ್ಯಾಂಪಿನ ನಂಬರು, ರೂಮಿನ ನಂಬರು ಎಲ್ಲವನ್ನೂ ತಮ್ಮ ಗಂಭೀರ ಕಂಠದಲ್ಲಿ ಕೇಳಿ ದಂಗಾಗಿ ಫೋನ್ ಮಾಡಿದರೆ, “ಸತ್ಯಕ್ಕೆ ಒಂದು ಹೆಸರು ಬೇಕಾಗುತ್ತದೆ ಮೊಯ್ದಿನ್” ಎಂದಿರಿ. ಬೇಕಾಗುತ್ತದೆ, ಸರಿ. ಮನೆಯಲ್ಲಿ ಒಂದು ಹೆಸರು ಹೆಚ್ಚುವರಿಯಾಗಿ ಇಟ್ಟುಕೊಂಡವರು ಅದನ್ನು ಬಿಟ್ಟು, ಇರುವ ಒಂದೇ ಹೆಸರಿನಲ್ಲಿ ಬದುಕುವವನಿಂದ ಎತ್ತಿಕೊಂಡದ್ದು ಯಾವ ಸಮಪಾಲು ಎಂಬುದಷ್ಟೇ ನನ್ನಂಥ ಮಂದಬುದ್ಧಿಗೆ ಹೊಳೆಯಲಿಲ್ಲ.

ಮುಂದಿನದ್ದು ತಮಗೆ ಗೊತ್ತಿದೆ, ಮೂರು ಇ-ಮೇಲ್‌ಗಳಲ್ಲಿ ಬರೆದಿದ್ದೇನೆ. ತನಿಯನಿಗೆ ಆಗಸ್ಟ್ ಎರಡರಿಂದ ರಜೆ ಮಂಜೂರಾಗಿತ್ತು. ಅವನ ಹೆಂಡತಿಯ ಗರ್ಭಕೋಶದಲ್ಲಿ ಗಡ್ಡೆ. ಮಂಗಳೂರಿನಲ್ಲಿ ಆಪರೇಷನ್ನಿನ ದಿನ ಗೊತ್ತಾಗಿತ್ತು. ಸಹಿ ಹಾಕಲು, ಪಕ್ಕದಲ್ಲಿ ನಿಲ್ಲಲು ಅವನ ಹೊರತು ಯಾರೂ ಇಲ್ಲದ್ದರಿಂದ ಆಕೆ ಕಾಯುತ್ತಿದ್ದಳು. ಕಂಪನಿಯ ಯಜಮಾನರು ಎಕ್ಸಿಟ್ ಪರ್ಮಿಟ್‌ಗೆ ರುಜು ಹಾಕದೆ ಈ ದೇಶ ಬಿಟ್ಟು ಹೊರಡುವಂತಿಲ್ಲವಷ್ಟೆ. ತಮ್ಮ ಸಂಚಿಕೆ ಅವರ ಕಿವಿಗೆ ಬಿದ್ದ ಮೇಲೆ ಆ ಕಾಗದಕ್ಕೆ ಯಾರೂ ಆಗುವುದಿಲ್ಲ ಎಂದಿಲ್ಲ, ರುಜುವನ್ನೂ ಹಾಕಿಲ್ಲ. “ಬುಕ್ರಾ, ಇನ್‌ಷಾ ಅಲ್ಲಾ” ಎನ್ನುತ್ತಾರೆ, ಮರುದಿನ ಹೋದರೆ ಮತ್ತೆ ನಾಳೆ ಎನ್ನುತ್ತಾರೆ. ಆಪರೇಷನ್ ಎರಡು ಸಲ ಮುಂದೆ ಹೋಯಿತು. ಸೆಪ್ಟೆಂಬರ್ ಮೂರು ದಾಟಿಸಬಾರದೆಂದು ಡಾಕ್ಟರು ಖಂಡಿತವಾಗಿ ಹೇಳಿದ್ದಾರೆ.

ಆಫೀಸಿನಲ್ಲಿ ನಮ್ಮ ಕಡೆಯವರೊಬ್ಬರಿದ್ದಾರೆ, ಹೆಸರು ಬರೆಯುವುದಿಲ್ಲ. ಅವರು ನನ್ನನ್ನು ಕರೆದು, “ಆ ರೆಕಾರ್ಡಿಂಗ್‌ನಿಂದ ಅವನ ಹೆಸರು ಒಮ್ಮೆ ತೆಗೆಸಿ ಮಾರಾಯ್ರೆ, ಅದು ಅಲ್ಲಿ ಇರುವವರೆಗೆ ಇವರ ಸಿಟ್ಟು ಇಳಿಯುವುದಿಲ್ಲ, ತೆಗೆದ್ರೆ ನಾನು ಮಾತಾಡಿ ನೋಡ್ತೇನೆ” ಎಂದರು. ಹೆಸರು ತೆಗೆಯುವುದು ಐದು ನಿಮಿಷದ ಕೆಲಸವೆಂದು ಸಿ.ಡಿ. ಮಾಡಿಕೊಡುವ ಅಂಗಡಿಯವನೂ ಹೇಳಿದ. ತಾವು ಮಾತ್ರ, ದಾಖಲೆ ಚರಿತ್ರೆಯ ಆಸ್ತಿ, ಅದರ ಒಂದಕ್ಷರವನ್ನೂ ತಿದ್ದುವ ಹಕ್ಕು ತಮಗಿಲ್ಲ ಎಂದು ವಿಷಾದಿಸಿದಿರಿ. ವಿಷಾದಿಸಿ ಸುಮ್ಮನೆ ಕೂರುವ ಜಾಯಮಾನ ತಮ್ಮದಲ್ಲ. ಅದೇ ವಾರ ‘ತನಿಯ ಎಂಬ ರೂಪಕ’ ಎಂಬ ಸಂಚಿಕೆ ಮಾಡಿ, ಅವನ ಹೆಸರನ್ನು ಇನ್ನೂ ಹದಿನೇಳು ಸಲ ಹೇಳಿದಿರಿ. ನಾನು ಎಣಿಸಿದ್ದೇನೆ. ಅದಲ್ಲದೆ ಅಲ್ ಅಜೀಜಿಯಾದ ಒಂದು ವಿಲ್ಲಾದಲ್ಲಿ ತನಿಯನ ಪರವಾಗಿ ‘ಒಗ್ಗಟ್ಟಿನ ಸಂಜೆ’ ಏರ್ಪಡಿಸಿ, ಕವಿತೆ ಮತ್ತು ಬಿರಿಯಾನಿಯ ನಡುವೆ ಇಪ್ಪತ್ತು ಮಂದಿ ಕಾರ್ಮಿಕರನ್ನು, ಸಾಧ್ಯವಾದರೆ ಕೆಲಸದ ಬಟ್ಟೆಯಲ್ಲೇ, ಬಸ್ಸಿನಲ್ಲಿ ಕರೆತರಲು ನನಗೆ ಹೇಳಿ ಕಳುಹಿಸಿದಿರಿ. ನಾವು ಬರಲಿಲ್ಲ. ಆ ದಿನ ನಮ್ಮವರು ಕೆಲಸದ ಬಟ್ಟೆ ಒಗೆಯುತ್ತಿದ್ದರು.

ಆದ್ದರಿಂದ ತಮ್ಮ ಪ್ರತಿಭೆಗೆ ತಕ್ಕ ಬೇರೆ ಕೆಲವು ಉಪಕಾರಗಳನ್ನು ಬೇಡುತ್ತಿದ್ದೇನೆ. ತಾವು ಮಂಗಳೂರಿನ ಆಸ್ಪತ್ರೆಗೆ ಫೋನ್ ಹಚ್ಚಿ, ಆ ಗಡ್ಡೆಗೇ ಒಂದು ವಿಶೇಷ ಸಂಚಿಕೆ ಕೇಳಿಸಿ, ಕೊಲ್ಲಿಯ ಕಾರ್ಮಿಕ ಸಂಬಂಧಗಳು ಸುಧಾರಿಸುವವರೆಗೆ ಬೆಳೆಯದಿರುವಂತೆ ಸೈದ್ಧಾಂತಿಕವಾಗಿ ಮನವೊಲಿಸಬೇಕು. ಅದು ಆಗದಿದ್ದರೆ, ರೂಪಕಕ್ಕೆ ಎಕ್ಸಿಟ್ ಪರ್ಮಿಟ್ ಬೇಕಾಗುವುದಿಲ್ಲವಾದ್ದರಿಂದ, ತಮ್ಮ ತನಿಯನನ್ನಾದರೂ ಮೂರನೇ ತಾರೀಖಿನೊಳಗೆ ಊರಿಗೆ ಕಳುಹಿಸಿ, ನಮ್ಮ ತನಿಯನ ಜಾಗದಲ್ಲಿ ನಿಲ್ಲಿಸಬೇಕು. ಅದೂ ಕಷ್ಟವೆಂದರೆ ತಾವು ಒಂದೇ ಒಂದು ಮಧ್ಯಾಹ್ನ ನನ್ನ ಬಸ್ಸಿಗೆ ದಯಮಾಡಿಸಿ. ಎ.ಸಿ. ಆರಿಸಿ ಕುಳಿತು ರೂಢಿಯಿರುವ ತಮಗೆ ನಲವತ್ತು ನಿಮಿಷ ಏನೂ ಅನಿಸದು, ಉಳಿದ ಮೂರು ಗಂಟೆಯನ್ನು ಚರಿತ್ರೆಯ ಬಗ್ಗೆ ಚಿಂತಿಸಿ ಕಳೆಯಬಹುದು. ಇವುಗಳಲ್ಲಿ ಯಾವುದೂ ಆಗದು ಎಂದಾದರೆ ಉಳಿಯುವುದು ಆ ಐದು ನಿಮಿಷದ ಕೆಲಸ. ಅದನ್ನು ಮಾಡಿ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ.

ಈ ಪತ್ರದಲ್ಲಿ ತನಿಯನ ಹೆಸರನ್ನು ಅವನನ್ನು ಕೇಳಿಯೇ ಬರೆದಿದ್ದೇನೆ. ಬರೆಯುವ ಮುಂಚೆ ಕೇಳುವ ಒಂದು ಹಳೆಯ ಅಭ್ಯಾಸ ನಮ್ಮ ಕ್ಯಾಂಪಿನಲ್ಲಿದೆ, ತಮ್ಮ ಬಾನುಲಿಗೂ ಬೇಕಾದರೆ ಕೊಂಡೊಯ್ಯಬಹುದು. ಅವನು ನನ್ನ ಹೆಸರನ್ನು ತಮ್ಮ ಮೈಕಿನಿಂದ ಉಳಿಸಿದ್ದ. ಇನ್ನು ಅದರ ಅಗತ್ಯವಿಲ್ಲವೆಂದು ಕೆಳಗೆ ನಾನೇ ಬರೆದಿದ್ದೇನೆ.

ಇಂಜಿನ್ ಆರಿಸಿದ ಕೈಯಿಂದಲೇ ರುಜು ಹಾಕಿದ,
ತಮ್ಮ ವಿಶ್ವಾಸಿ,
ಮೊಯ್ದಿನ್, ಬಸ್ ಚಾಲಕ

ಬರೆಯಲು ಉಳಿದದ್ದು: ಅಂದು ಕ್ಯಾಂಪಿನ ಗೇಟಿನಲ್ಲಿ ತಾವು ಕಾವಲುಗಾರನಿಗೆ ಗುರುತುಚೀಟಿ ಕೊಟ್ಟಿರಿ. ಅವನಿಗೆ ಓದಲು ಬಾರದ್ದರಿಂದ ತಮ್ಮ ಹೆಸರು, ಕಂಪನಿ, ಹುದ್ದೆ ಮೂರನ್ನೂ ಪುಸ್ತಕಕ್ಕೆ ಬರೆದವನು ನಾನು. ಈ ಪತ್ರದ ಮೊದಲ ಸಾಲಿನಲ್ಲಿ ಆ ಮೂರೂ ಇದ್ದವು. ಕಳುಹಿಸುವ ಮುಂಚೆ ತನಿಯನಿಗೆ ಓದಿ ಹೇಳಿದೆ. ಅವನು ಕಾಗದ ಕಸಿದುಕೊಂಡು ಆ ಸಾಲಿನ ಮೇಲೆ ಬೆರಳಿಟ್ಟು, “ಇವರ ಕೆಲಸ ಹೋದ್ರೆ ನನ್ನವಳ ಆಪರೇಷನ್ ಆಗ್ತದಾ ಮೊಯ್ದಿನಾಕ?” ಎಂದು ಕೇಳಿದ. ನಾನು ಪೆನ್ನು ತೆಗೆದು ಆ ಸಾಲನ್ನು ಹೊಡೆದು ಹಾಕಿದೆ.